ಬೆಂಚಿನ ಮೇಲೆ ಬೈಯಲೇಬೇಕು

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಿಂದ ಹಗಲೆಲ್ಲ ಬೈಗುಳ ಕೇಳಿಸುತ್ತದೆ. ಸಣ್ಣಪುಟ್ಟ ಬೈಗುಳವಲ್ಲ, ಏಳು ತಲೆಮಾರನ್ನು ಎಳೆದು ತಂದು ಬೀದಿಯಲ್ಲಿ ನಿಲ್ಲಿಸುವಂಥದ್ದು. ದಾರಿಗೆ ಹೊಸಬರಾದವರು ಯಾರೋ ಯಾರನ್ನೋ ಮುಗಿಸುತ್ತಿದ್ದಾರೆ ಎಂದು ಹೆದರಿ ಕತ್ತೆತ್ತಿ ನೋಡುತ್ತಾರೆ. ಕೆಳಗಿನ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ, "ಏನಿಲ್ಲ, ಹೋಗಿ ಸ್ವಾಮಿ. ಸೊಂಟನೋವಿಗೆ ಔಷಧಿ ನಡೀತಿದೆ" ಎನ್ನುತ್ತಾನೆ.

ಔಷಧಿ ಕೊಡುವವಳು ಗುದ್ದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಬಾಗಿಲ ಮೇಲೆ 'ಅಂಗಮರ್ದನ ಚಿಕಿತ್ಸೆ' ಎಂದು ಬೋರ್ಡು ಬರೆಸಿದ್ದಾಳೆ. ಅದನ್ನು ಓದಿಕೊಂಡು ಒಳಗೆ ಬಂದವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಬರುವವರೆಲ್ಲ ಪಕ್ಕದವನ ಹೆಗಲಿಗೆ ಜೋತುಬಿದ್ದು, "ಅಕ್ಕಾ, ಸತ್ತೆ" ಎನ್ನುತ್ತಲೇ ಮೆಟ್ಟಿಲು ಹತ್ತುತ್ತಾರೆ. ಹೆಚ್ಚಿನವರು ಡಿಪೋದ ಡ್ರೈವರುಗಳು, ಇಡೀ ದಿನ ಕ್ಲಚ್ಚು ತುಳಿದು ತುಳಿದು ಎಡಗಾಲು ಸೊಂಟದವರೆಗೆ ಮರಗಟ್ಟಿದವರು.

ಕೋಣೆಯಲ್ಲಿ ಇರುವುದು ಒಂದು ಬೆಂಚು, ಒಂದು ಎಣ್ಣೆ ಬಾಟಲಿ, ಒಗೆದು ಒಗೆದು ಬಣ್ಣ ಕಳೆದುಕೊಂಡ ಟವೆಲ್ಲುಗಳು. ಬೆಂಚು ಎಂದರೆ ಗುಜರಿಗೆ ಹೋಗಬೇಕಿದ್ದ ಬಸ್ಸಿನ ಕೊನೇ ಸಾಲಿನ ಉದ್ದ ಸೀಟು. ಅದರ ಒಂದು ತುದಿಗೆ ಮುಖ ಇಡಲು ತೂತು ಕೊರೆಸಿದ್ದಾಳೆ. ಬಂದವರನ್ನು ಬೋರಲು ಮಲಗಿಸಿ, ಮೊಣಕೈಯನ್ನು ಗಂಟಿನ ಮೇಲಿಟ್ಟು, ತನ್ನ ಮೈಭಾರ ಬಿಡುವ ಮೊದಲು ಅವಳು ಹೇಳುವುದು ಒಂದೇ ಮಾತು.

"ಹೂಂ, ಬೈ."

"ಯಾರನ್ನಕ್ಕಾ?"

"ನನಗೇನು ಗೊತ್ತು? ಯಾರ ಮೇಲೆ ಹೊಟ್ಟೆ ಉರಿಯುತ್ತೋ ಅವರನ್ನ. ಜೋರಾಗಿ ಬೈ. ನನ್ನೊಬ್ಬಳನ್ನ ಬಿಟ್ಟು."

ಇದು ಹುಚ್ಚಾಟವಲ್ಲ, ಅವಳ ಪದ್ಧತಿ. ಮೊಣಕೈ ಒತ್ತಿದ ಕೂಡಲೇ ಮನುಷ್ಯ ಉಸಿರು ಬಿಗಿಹಿಡಿದು ಹಲ್ಲು ಕಚ್ಚುತ್ತಾನೆ. ಉಸಿರು ಬಿಗಿಹಿಡಿದವನ ಬೆನ್ನು ಬಿಡುವುದಿಲ್ಲ, ಎಷ್ಟು ಗುದ್ದಿದರೂ ಅಷ್ಟೇ. ಬಾಯ್ತುಂಬ ಬೈಯುವಾಗ ಉಸಿರು ಹಿಡಿದುಕೊಳ್ಳಲು ಯಾರಪ್ಪನಿಂದಲೂ ಆಗುವುದಿಲ್ಲ. ಡ್ರೈವರು ಡಿಪೋ ಮ್ಯಾನೇಜರನ ವಂಶವನ್ನು ಜಾಲಾಡುತ್ತಿರುವಾಗ ಗುದ್ದಕ್ಕನ ಮೊಣಕೈ ಸದ್ದಿಲ್ಲದೆ ಗಂಟನ್ನು ಬಿಡಿಸಿರುತ್ತದೆ. ಡಿಪೋ ಮ್ಯಾನೇಜರೂ ಬರುತ್ತಾನೆ. ಅವನು ಡ್ರೈವರುಗಳನ್ನು ಬೈಯುತ್ತಾನೆ. ಅವನ ಶಬ್ದಭಂಡಾರ ಸ್ವಲ್ಪ ಬಡಕಲು, ಹಾಗಾಗಿ ಗುಣವಾಗಲು ಹೆಚ್ಚು ದಿನ ಹಿಡಿಯುತ್ತದೆ.

ಈ ವಿದ್ಯೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಗುದ್ದಕ್ಕ ಯಾವ ಸಂಕೋಚವೂ ಇಲ್ಲದೆ "ಕುರಿಯಿಂದ" ಎನ್ನುತ್ತಾಳೆ. ಅಪ್ಪನದು ಮಾಂಸದ ಅಂಗಡಿ. ಗಂಡುಮಕ್ಕಳಿರಲಿಲ್ಲ, ಕತ್ತಿ ಇವಳ ಕೈಗೇ ಬಂತು. ಯಾವ ಮಾಂಸ ಯಾವ ಮೂಳೆಗೆ ಅಂಟಿದೆ, ಮುಂಗಾಲನ್ನು ಹಿಂದಕ್ಕೆ ತಂದು ಯಾವ ಕಡೆ ತಿರುಚಿದರೆ ಹೆಗಲಿನಿಂದ ಕಳಚುತ್ತದೆ, ಎಲ್ಲವೂ ಲಂಗ ತೊಡುವ ವಯಸ್ಸಿಗೇ ಕೈಗೆ ಬಂದಿತ್ತು. ಆಮೇಲೆ ಸಾರ್ವಜನಿಕ ಸ್ನಾನಗೃಹವೊಂದರಲ್ಲಿ ಮೈ ತಿಕ್ಕುವ ಕೆಲಸಕ್ಕೆ ಸೇರಿದಳು. ಅಲ್ಲಿದ್ದ ಹಬೆತಾತ ಎಂಬ ಮುದುಕ ಉಳಿದದ್ದನ್ನು ಕಲಿಸಿದ. "ಕುರಿಗೆ ಹೆದರಿಕೆ ಮುಗಿದಿರುತ್ತೆ ಮಗಾ, ಇವರಿಗೆ ಇನ್ನೂ ಮುಗಿದಿರಲ್ಲ. ಮೊದಲು ಅದನ್ನ ಹೊರಗೆ ಹಾಕಿಸು" ಎಂದು ಬೈಯಿಸುವ ಉಪಾಯ ಹೇಳಿಕೊಟ್ಟವನೂ ಅವನೇ. ಕೈ ಬಂಗಾರ, ಬಾಯಿ ಮಾತ್ರ ತೂತುಬಿಂದಿಗೆ. ಒಬ್ಬ ಬೈದದ್ದನ್ನು ಇನ್ನೊಬ್ಬನ ಕಾಲು ಒತ್ತುತ್ತಾ ಹೇಳಿಬಿಡುತ್ತಿದ್ದ. ಕಡೆಗೊಂದು ದಿನ ಮಾವ ಅಳಿಯ ಇಬ್ಬರು ಸ್ನಾನಗೃಹದೊಳಗೇ ಬಕೆಟ್ಟು ಎತ್ತಿಕೊಂಡು ಬಡಿದಾಡಿದರು, ಅದೂ ಮೈಮೇಲೆ ಬಟ್ಟೆಯಿಲ್ಲದೆ. ಅಲ್ಲಿಂದಾಚೆ ಯಾರೂ ಆ ಕಡೆ ಸುಳಿಯಲಿಲ್ಲ. ಹಬೆತಾತ ತನ್ನ ಮಂಡಿಯನ್ನು ತಾನೇ ತಿಕ್ಕಿಕೊಳ್ಳುತ್ತಾ ಕೂತು ಕೂತು ಸತ್ತ.

ಅದನ್ನು ಕಣ್ಣಾರೆ ಕಂಡ ಗುದ್ದಕ್ಕ ತನ್ನ ಬೆಂಚಿಗೆ ನಿಯಮ ಮಾಡಿಕೊಂಡಿದ್ದಾಳೆ. ಯಾರನ್ನು ಬೈದೆ ಎಂದು ಕೇಳುವಂತಿಲ್ಲ. ಬೆಂಚಿನ ಮೇಲೆ ಆಡಿದ ಮಾತು ಬೆಂಚು ಬಿಟ್ಟು ಇಳಿಯುವಂತಿಲ್ಲ. ಬೀದಿಗೆ ಕೇಳಿಸುವುದು ಬೈಗುಳ ಮಾತ್ರ. ಯಾರು, ಯಾರನ್ನು, ಯಾಕೆ ಎಂಬುದು ಅವಳ ಹೊಟ್ಟೆಯಲ್ಲೇ ಕರಗಬೇಕು. ಡಿಪೋದ ಅರ್ಧ ಜನ ಇನ್ನರ್ಧ ಜನರ ಬಗ್ಗೆ ಏನೆನ್ನುತ್ತಾರೆ ಎಂಬುದು ಅವಳೊಬ್ಬಳಿಗೆ ಗೊತ್ತು. ಬಾಯಿ ಬಿಟ್ಟರೆ ನಾಳೆಯಿಂದ ಬಸ್ಸು ಓಡುವುದಿಲ್ಲ.

ಗಂಡ ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದ. ಮಗಳು ಅಂಬೆಗಾಲಿಡುತ್ತಿದ್ದಾಗ ಬೇರೆ ಊರಿಗೆ ವರ್ಗವಾಯಿತು. ವರ್ಗ ಅವನೊಬ್ಬನಿಗೇ ಆಯಿತು, ಸಂಸಾರಕ್ಕೆ ಆಗಲಿಲ್ಲ. ಹಾಳಾಗಿ ಹೋಗಲಿ ಎಂದು ಗುದ್ದಕ್ಕ ಒಬ್ಬಳೇ ಮಗಳನ್ನು ಬೆಳೆಸಿದಳು. ಮಗಳು ಈಗ ಡಿಪೋದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ, ರಜಾದಿನ ಅಮ್ಮನ ಜೊತೆ ಬೆನ್ನು ಒತ್ತುತ್ತಾಳೆ. ಕೈ ಅಮ್ಮನದೇ, ಬಾಯಿ ಅಮ್ಮನಿಗಿಂತ ಒಂದು ತೂಕ ಹೆಚ್ಚು. ಅವಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಟಿಕೆಟ್ ಯಂತ್ರ ರಿಪೇರಿಗೆ ಬರುವವನು, ಮೆತ್ತಗೆ ಮಾತಾಡುವವನು. ಮುಂದಿನ ತಿಂಗಳು ಮದುವೆ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿ, ಆಮೇಲೆ ಅಮ್ಮಂದಿರಿಗೆ ತಿಳಿಸಿದ್ದರು. ಮನೆಯವರು ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸಣಕಲು ಹೆಂಗಸೊಬ್ಬಳು ಬಲಗೈಯನ್ನು ಎದೆಗೊತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

"ನಾನು ಹುಡುಗನ ತಾಯಿ. ಭುಜ ಹಿಡ್ಕೊಂಡಿದೆ. ಮಲಗಿದ್ದು ಸರಿಯಾಗಿರಲಿಲ್ಲ ಅನ್ಸುತ್ತೆ. ಹಾಗೇ ನಿಮ್ಮನ್ನೂ ನೋಡಿದ ಹಾಗಾಯ್ತು ಅಂತ ಬಂದೆ."

ಗುದ್ದಕ್ಕನಿಗೆ ಕೈಕಾಲೇ ಆಡಲಿಲ್ಲ. ಬೀಗಿತಿ ಬಾಗಿಲಿಗೆ ಬರುವುದೆಂದರೇನು, ತಾನು ಎಣ್ಣೆ ಮೆತ್ತಿದ ಏಪ್ರನ್ನಿನಲ್ಲಿ ನಿಂತಿರುವುದೆಂದರೇನು! ಇದ್ದುದರಲ್ಲಿ ಒಳ್ಳೇ ಟವೆಲ್ಲು ಹಾಸಿ ಮಲಗಿಸಿದಳು. ಭುಜದ ಮೇಲೆ ಕೈಯಿಟ್ಟಳೋ ಇಲ್ಲವೋ, ಮನಸ್ಸಿಗೆ ಕಸಿವಿಸಿಯಾಯಿತು. ಇದು ಮಲಗಿ ಹಿಡಿದುಕೊಂಡ ಭುಜವಲ್ಲ. ಕೈಯನ್ನು ಬೆನ್ನ ಹಿಂದಕ್ಕೆ ತಂದು ಯಾರೋ ತಿರುಚಿದ್ದಾರೆ, ಒಂದು ಸಲವಲ್ಲ. ಅಪ್ಪನ ಅಂಗಡಿಯಲ್ಲಿ ಅವಳೇ ಎಷ್ಟು ಹೆಗಲು ಹಾಗೆ ತಿರುಚಿಲ್ಲ!

"ಬೈಯಿರಿ ಬೀಗಿತಿ. ಇಲ್ಲಿ ಬೈಯದೆ ಯಾರಿಗೂ ಬಿಡುಗಡೆ ಇಲ್ಲ" ಎಂದಳು, ಆದಷ್ಟು ಮೆತ್ತಗೆ.

"ಅಯ್ಯೋ, ನನಗೆ ಅಭ್ಯಾಸ ಇಲ್ಲ." ತೂತಿನೊಳಗಿಂದ ಸಣ್ಣ ದನಿ ಬಂತು. ಸ್ವಲ್ಪ ಹೊತ್ತು ಯೋಚಿಸಿ, "ನಮ್ಮನೆ ನಲ್ಲಿ... ಎಷ್ಟು ಮುಚ್ಚಿದ್ರೂ ತೊಟ್ಟಿಕ್ಕುತ್ತೆ. ದರಿದ್ರ ನಲ್ಲಿ."

"ನಲ್ಲಿಗೆ ಬೈದ್ರೆ ಭುಜ ಬಿಡಲ್ಲಮ್ಮಾ. ಕೈಕಾಲು ಇರೋರನ್ನ ಬೈಯಿರಿ."

ಆ ಹೆಂಗಸು ಪಕ್ಕದ ಮನೆಯ ಬೆಕ್ಕಿಗೆ ಬೈದಳು. ಹಾಲಿನವನಿಗೆ ಬೈದು ಕೂಡಲೇ "ಪಾಪ, ಒಳ್ಳೆಯವನೇ" ಎಂದು ಸೇರಿಸಿದಳು. ಗುದ್ದಕ್ಕ ನಗು ತಡೆದುಕೊಂಡು ಹೆಬ್ಬೆರಳನ್ನು ಭುಜದ ಮೂಳೆಯ ಅಡಿಗೆ ಇಳಿಸಿದಳು. ಆಮೇಲೆ ಕಟ್ಟೆ ಒಡೆಯಿತು ನೋಡಿ.

"ನಿನ್ನ ಕೈ ಸೇದಿಹೋಗ! ಹೊರಗೆಲ್ಲ ಬೆಣ್ಣೆ ಮಾತು, ಬಾಗಿಲು ಹಾಕಿದ ಮೇಲೆ ಶೂರ! ಸಾರಿಗೆ ಉಪ್ಪು ಜಾಸ್ತಿ ಆದ್ರೆ ಕೈ ತಿರುಚ್ತೀಯಾ? ಹೇಡಿ! ನನ್ನ ಬಿಟ್ರೆ ಇನ್ಯಾರ ಮೇಲೆ ನಡೆಯುತ್ತೋ ನಿನ್ನ ಆಟ, ಹೊಟ್ಟೆಗೆ ಹುಳ ಬೀಳ!"

ಬೀದಿಯಲ್ಲಿ ಸೈಕಲ್ ಅಂಗಡಿಯವನ ಪಂಪು ನಿಂತುಹೋಯಿತು. ಭುಜ ಗುದ್ದಕ್ಕನ ಬೆರಳ ಕೆಳಗೆ ಸಡಿಲವಾಯಿತು, ಬೈದವಳು ಬಿಕ್ಕಿ ಬಿಕ್ಕಿ ಅತ್ತಳು. ಗಂಡಂದಿರ ಸಹಸ್ರನಾಮ ಗುದ್ದಕ್ಕನಿಗೆ ಹೊಸತಲ್ಲ. ಬೆಂಚಿನ ಮೇಲೆ ಗಂಡಸರು ಮೇಲಿನವರನ್ನು ಬೈಯುತ್ತಾರೆ, ಹೆಂಗಸರು ಗಂಡನನ್ನು ಬೈಯುತ್ತಾರೆ, ಅದು ನಡೆದುಬಂದ ದಾರಿ. ಪಾಪ, ಎಂಥ ರಾಕ್ಷಸನಿಗೆ ಕಟ್ಟಿದ್ದಾರೆ ಈ ಗುಬ್ಬಚ್ಚಿಯನ್ನು ಎಂದು ಮರುಗಿದಳು. ಸದ್ಯ, ಹುಡುಗ ತಾಯಿಯ ಗುಣ ತಗೊಂಡಿದ್ದಾನಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಳು. ನಿಯಮದ ಪ್ರಕಾರ ಏನೂ ಕೇಳಲಿಲ್ಲ. ಬೀಗಿತಿ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಮತ್ತೆ ಮೊದಲಿನ ಸಣ್ಣ ದನಿಯಲ್ಲಿ "ತೊಂದರೆ ಕೊಟ್ಟೆ" ಎಂದು ಹೇಳಿ ಇಳಿದು ಹೋದಳು.

ಸಂಜೆ ಮಗಳು ಕೆಲಸ ಮುಗಿಸಿ ಬಂದಾಗ ಗುದ್ದಕ್ಕ ಟೀ ಸೋಸುತ್ತಿದ್ದಳು. ಬೀಗಿತಿ ಬಂದಿದ್ದರು ಎಂದಳು, ಭುಜ ನೋವಿತ್ತು ಎಂದಳು, ಅಷ್ಟೇ. ಆದರೂ ಮನಸ್ಸು ತಡೆಯಲಿಲ್ಲ, ಸುತ್ತಿ ಬಳಸಿ ಕೇಳಿದಳು.

"ಅಲ್ವೇ, ನಿಮ್ಮ ಮಾವನಿಗೆ ಏನು ಕೆಲಸ?"

"ಯಾವ ಮಾವ?"

"ಅದೇ, ಹುಡುಗನ ಅಪ್ಪ."

"ಅವರೆಲ್ಲಿದ್ದಾರಮ್ಮಾ? ಇವನು ಸ್ಕೂಲಿಗೆ ಹೋಗ್ತಿದ್ದಾಗಲೇ ತೀರಿಹೋದ್ರು. ಮನೇಲಿ ಅಮ್ಮ ಮಗ ಇಬ್ಬರೇ. ಹೇಳಿದ್ನಲ್ಲ!"

ಟೀ ಲೋಟದಾಚೆ ಚೆಲ್ಲಿತು. ಮನೆಯಲ್ಲಿ ಇಬ್ಬರೇ. ಹಾಗಾದರೆ ಆ ಭುಜವನ್ನು ತಿರುಚಿದವನು, ಸಾರಿನ ಉಪ್ಪಿಗೆ ಕೈ ತಿರುಚುವವನು, ಮುಂದಿನ ತಿಂಗಳು ತನ್ನ ಮಗಳು ಕೈ ಹಿಡಿಯಲಿರುವವನು!

"ಯಾಕಮ್ಮಾ, ಮುಖ ಹಾಗಾಯ್ತು?"

"ಟೀ ಬಿಸಿ" ಎಂದಳು ಗುದ್ದಕ್ಕ.

ಅಲ್ಲಿಂದ ಶುರುವಾಯಿತು ಅವಳ ಪಾಡು. ಮಾತು ನಾಲಿಗೆ ತುದಿಗೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ. ಬೆಂಚಿನ ಮಾತು ಬೆಂಚು ಬಿಟ್ಟರೆ ತಾನೂ ಹಬೆತಾತನೇ. ಅದೂ ಯಾರ ಮಾತು? ನಂಬಿ ಮೈ ಒಪ್ಪಿಸಿದ ಆ ಬಡಪಾಯಿಯದು. ಹೊರಗೆ ಬಿದ್ದರೆ ಹುಡುಗ ಇನ್ನೊಂದು ಭುಜವನ್ನೂ ಬಿಡುವುದಿಲ್ಲ. ಹೇಳದೆ ಹೋದರೆ ಮಗಳನ್ನು ತಾನೇ ಕೈಯಾರೆ ಬಾಣಲೆಗೆ ಹಾಕಿದಂತೆ. ಈ ಸಂಕಟದಲ್ಲಿ ಗುದ್ದಕ್ಕ ಮಾಡಬಾರದ ಪೆದ್ದುತನವೆಲ್ಲ ಮಾಡಿದಳು. ಹುಡುಗನ ಮೂಗು ಸೊಟ್ಟ ಎಂದಳು. ಟಿಕೆಟ್ ಯಂತ್ರದ ಕೆಲಸಕ್ಕೆ ಭವಿಷ್ಯವಿಲ್ಲ ಎಂದಳು. ಅವನು ನಡೆಯುವಾಗ ಎಡಗಾಲು ಹೊರಗೆ ಹಾಕುತ್ತಾನೆ, ಮುಂದೆ ಮಂಡಿ ಹೋಗುತ್ತದೆ ಎಂದಳು.

"ಮಂಡಿ ಹೋದ್ರೆ ನೀನಿದ್ದೀಯಲ್ಲ ಒತ್ತೋಕೆ" ಎಂದಳು ಮಗಳು. "ಅಮ್ಮಾ, ನಿನಗೆ ಅವನು ಏನು ಮಾಡಿದ? ಒಂದು ಕಾರಣ ಹೇಳು. ಒಂದೇ ಒಂದು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಹೊಸ ಸೀರೆ ತಗೋ."

ಗುದ್ದಕ್ಕ ಕಾರಣವನ್ನು ನುಂಗಿಕೊಂಡು ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಇನ್ನೊಂದು ಸಲ ತೊಳೆದಳು.

ಆ ವಾರ ಹುಡುಗ ತಾನೇ ಬಂದ, ಮಗಳನ್ನು ಸಿನಿಮಾಗೆ ಕರೆದೊಯ್ಯಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅದನ್ನು ಜೋಡಿಯಾಗಿ ಇಟ್ಟು, "ಹೇಗಿದ್ದೀರಿ ಆಂಟಿ?" ಎಂದು ಕೇಳಿದ. ನೋಡಿದರೆ ಯಾರಾದರೂ ಮೆಚ್ಚುವಂಥ ಹುಡುಗ. ಗುದ್ದಕ್ಕನ ಮೊಣಕೈ ತಾನಾಗಿಯೇ ಮಡಿಸಿಕೊಂಡಿತು.

"ಬಾಪ್ಪಾ, ಒಂದು ಐದು ನಿಮಿಷ ಮಲಗು. ಬೆನ್ನು ಒತ್ತಿಕೊಡ್ತೀನಿ."

"ಬೇಡ ಆಂಟಿ." ಹುಡುಗ ನಕ್ಕ. "ನನಗೆ ಎಲ್ಲೂ ನೋವಿಲ್ಲ. ಯಾವತ್ತೂ ಬಂದೇ ಇಲ್ಲ."

ಎಲ್ಲಿಂದ ಬಂದೀತು, ಬರುವ ನೋವೆಲ್ಲ ಬೇರೆಯವರ ಮೈಗೆ ಹೋಗುತ್ತಿದ್ದರೆ ಎಂದು ಗುದ್ದಕ್ಕ ಮನಸ್ಸಿನಲ್ಲೇ ಅವನಿಗೆ ಇಡೀ ಡಿಪೋದ ಬೈಗುಳವನ್ನು ಒಟ್ಟಿಗೆ ಬೈದಳು. ಅವರಿಬ್ಬರೂ ನಗುತ್ತಾ ಮೆಟ್ಟಿಲಿಳಿದು ಹೋದರು. ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಹಾಗೆ ಕೂತಿರುವಾಗಲೇ ಅವಳಿಗೊಂದು ಉಪಾಯ ಹೊಳೆಯಿತು. ಬೆಂಚಿನ ಮಾತು ಬೆಂಚು ಬಿಟ್ಟು ಇಳಿಯಬಾರದು, ಸರಿ. ಮಗಳು ಬೆಂಚಿನ ಹತ್ತಿರ ಬರಬಾರದು ಎಂದು ಯಾವ ನಿಯಮವೂ ಇಲ್ಲವಲ್ಲ!

ಮಗಳ ರಜಾದಿನವೇ ನೋಡಿ, ಭುಜ ಒಂದು ಸಲಕ್ಕೆ ಬಿಡುವುದಿಲ್ಲ, ಇನ್ನೊಂದು ಸಲ ಒತ್ತಿಸಬೇಕು ಎಂದು ಬೀಗಿತಿಗೆ ಹೇಳಿ ಕಳಿಸಿದಳು. ಬರುವ ಹೊತ್ತಿಗೆ ತನ್ನ ಬಲ ಹೆಬ್ಬೆರಳಿಗೆ ದಪ್ಪಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಳು.

"ನನ್ನ ಬೆರಳು ಉಳುಕಿಬಿಟ್ಟಿದೆ ಬೀಗಿತಿ. ಇವತ್ತು ಮಗಳು ಒತ್ತಿದ್ರೆ ಆಗುತ್ತಾ? ನಿಮಗೆ ಬೇಡ ಅನ್ಸಿದ್ರೆ ಬೇಡ. ಬಲವಂತ ಇಲ್ಲ."

ಬೀಗಿತಿ ಬ್ಯಾಂಡೇಜನ್ನು ನೋಡಿದಳು. ಉಳುಕಿದ ಹೆಬ್ಬೆರಳು ಎಣ್ಣೆ ಬಾಟಲಿಯ ಮುಚ್ಚಳವನ್ನು ಸರಾಗವಾಗಿ ತಿರುಗಿಸುತ್ತಿತ್ತು. ಗುದ್ದಕ್ಕನ ಮುಖವನ್ನು ನೋಡಿದಳು. ಒಳಗೆ ಟವೆಲ್ಲು ಹಾಸುತ್ತಿದ್ದ ಹುಡುಗಿಯನ್ನು ಬಹಳ ಹೊತ್ತು ನೋಡಿದಳು.

"ಅವಳೇ ಒತ್ತಲಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಹೋದ್ಸಲಾನೂ ನಾನು ಬರೀ ಭುಜಕ್ಕೆ ಬಂದಿರಲಿಲ್ಲ. ಇಲ್ಲಿ ಬೈಯಲೇಬೇಕು ಅಂತ ಯಾರೋ ಹೇಳಿದ್ರು. ಅದಕ್ಕೇ ಬಂದೆ. ಹೆತ್ತ ಮಗನ ಮಾತನ್ನ ಬೇರೆ ಕಡೆ ಯಾವ ಬಾಯಲ್ಲಿ ಹೇಳಲಿ?"

ಗುದ್ದಕ್ಕನಿಗೆ ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಳ್ಳಲಿಲ್ಲ, ಭುಜ ಉಳುಕಿತ್ತಲ್ಲ. ಬಾಗಿಲು ಎಳೆದುಕೊಂಡು ದಡದಡನೆ ಕೆಳಗಿಳಿದು ಸೈಕಲ್ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತಳು.

"ಅಣ್ಣಾ, ಏನಾದ್ರೂ ಬಡಿ."

"ಏನು ಬಡೀಲಿ?"

"ಏನಾದ್ರೂ. ರಿಮ್ಮು, ಚೈನು, ನಿನ್ನ ತಲೆ. ಮೇಲಿನ ಮಾತು ನನ್ನ ಕಿವಿಗೆ ಬೀಳಬಾರದು. ಇವತ್ತು ಅದು ನನ್ನ ಬೆಂಚಲ್ಲ."

ಸೈಕಲ್ ಅಂಗಡಿಯವನಿಗೆ ಒಂದೂ ಅರ್ಥವಾಗಲಿಲ್ಲ, ಆದರೆ ಹದಿನೈದು ವರ್ಷದ ನೆರೆ. ಸುತ್ತಿಗೆ ತೆಗೆದುಕೊಂಡು ಸೊಟ್ಟ ರಿಮ್ಮೊಂದನ್ನು ಠಣ್ ಠಣ್ ಎಂದು ಬಡಿಯತೊಡಗಿದ. ಗುದ್ದಕ್ಕ ಮೇಲಿನ ಕಿಟಕಿಯನ್ನೇ ನೋಡುತ್ತಾ ಕೂತಳು. ಆ ಹೆಂಗಸಿಗೆ ಧೈರ್ಯ ಬಂತೋ ಇಲ್ಲವೋ. ಮತ್ತೆ ನಲ್ಲಿ, ಬೆಕ್ಕು ಎಂದು ಶುರುಮಾಡಿದಳೋ ಏನೋ. ಮಗಳಾದರೂ ಸರಿಯಾದ ಜಾಗಕ್ಕೆ ಬೆರಳಿಟ್ಟಳೋ ಇಲ್ಲವೋ.

ಅಷ್ಟರಲ್ಲಿ ಸ್ಕೂಟರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಹುಡುಗ!

"ಅಮ್ಮನ್ನ ಕರ್ಕೊಂಡು ಹೋಗೋಣ ಅಂತ ಬಂದೆ ಆಂಟಿ. ಇನ್ನೂ ಮುಗೀಲಿಲ್ವಾ?"

"ಇಲ್ಲಪ್ಪ. ಹೊತ್ತಾಗುತ್ತೆ. ನೀನು ಹೋಗಿರು" ಎಂದಳು ಗುದ್ದಕ್ಕ.

"ಪರವಾಗಿಲ್ಲ, ನಾನು ಬಂದಿದ್ದೀನಿ ಅಂತ ಗೊತ್ತಾದ್ರೆ ಅಮ್ಮ ಬೇಗ ಬರ್ತಾಳೆ." ಅವನು ನಗುತ್ತಾ ಹಾರ್ನ್ ಒತ್ತಿದ. ಒಂದು ಸಲ, ಚಿಕ್ಕದಾಗಿ.

ಮೇಲಿನ ಕಿಟಕಿ ತೆರೆಯಿತು. ಮಗಳು ಕಾಣಿಸಿಕೊಂಡಳು. ಒಂದು ಕೈಯಲ್ಲಿ ಕಿಟಕಿಯ ಬಾಗಿಲು ಹಿಡಿದಿದ್ದಳು, ಇನ್ನೊಂದು ಕೈ ಒಳಗೇ ಇತ್ತು; ಬೆಂಚು ಕಿಟಕಿಗೆ ತಾಗಿಯೇ ಇದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಕೂಡುವಾಗ ಇರುವಂಥ ಮುಖ.

"ಇನ್ನೊಂದ್ಸಲ ಹಾರ್ನ್ ಹೊಡಿ" ಎಂದಳು.

"ಯಾಕೆ?"

"ಹೊಡಿ, ಹೇಳ್ತೀನಿ."

ಹುಡುಗ ಇನ್ನಷ್ಟು ನಕ್ಕು, ಈ ಸಲ ಉದ್ದಕ್ಕೆ ಒತ್ತಿದ. ಮಗಳು ಅವನನ್ನು ನೋಡುತ್ತಿರಲಿಲ್ಲ. ಒಳಗಿದ್ದ ತನ್ನ ಕೈಯ ಕಡೆಗೆ ತಲೆ ತಿರುಗಿಸಿದ್ದಳು. ಹಾರ್ನ್ ನಿಂತ ಮೇಲೆಯೂ ಹಾಗೆಯೇ ಇದ್ದಳು. ಗುದ್ದಕ್ಕ ಸ್ಟೂಲಿನಿಂದ ಎದ್ದು ನಿಂತಳು.

"ನಿಮ್ಮಮ್ಮ ಬೈಯಲೇ ಇಲ್ಲ" ಎಂದಳು ಮಗಳು ಬೀದಿಗೆಲ್ಲ ಕೇಳಿಸುವಂತೆ. "ಎಷ್ಟು ಹೇಳಿದ್ರೂ ಬಾಯಿ ಬಿಡಲಿಲ್ಲ. ತೂತಿನೊಳಗೆ ಮುಖ ಇಟ್ಟು ಅಳ್ತಿದ್ರು. ಭುಜ ಆಗಲೇ ಮೆತ್ತಗಾಗಿತ್ತು. ನೀನು ಹಾರ್ನ್ ಹೊಡೆದೆ, ನನ್ನ ಕೈ ಕೆಳಗಿದ್ದ ಭುಜ ಬಿಗಿದುಕೊಂಡು ಕಿವಿವರೆಗೆ ಏರಿಹೋಯ್ತು. ಇನ್ನೊಂದ್ಸಲ ಹೊಡೆದೆ, ಇನ್ನೊಂದ್ಸಲ ಹೋಯ್ತು. ನಿನ್ನ ಹಾರ್ನಿಗೆ ಹೆತ್ತ ತಾಯಿ ಯಾಕೋ ಹೀಗೆ ನಡುಗ್ತಾಳೆ?"

"ಏನೇನೋ ಮಾತಾಡ್ಬೇಡ. ಅಮ್ಮನ್ನ ಕೆಳಗೆ ಕಳಿಸು." ದನಿ ಇನ್ನೂ ಮೆತ್ತಗೇ ಇತ್ತು. ನಗು ಮಾತ್ರ ಇರಲಿಲ್ಲ.

"ಅತ್ತೆ ಬರಲ್ಲ. ನಾನೂ ಬರಲ್ಲ. ಮುಂದಿನ ತಿಂಗಳೂ ಬರಲ್ಲ."

"ಏಯ್! ಇಳೀತೀಯೋ, ನಾನೇ ಬರಲೋ?"

ಆ ದನಿ ಯಾರೂ ಕೇಳಿರದ ದನಿ. ಹುಡುಗ ಸ್ಕೂಟರ್ ಸ್ಟ್ಯಾಂಡಿಗೆ ಹಾಕಿ ಮೆಟ್ಟಿಲ ಕಡೆ ಹೆಜ್ಜೆ ಹಾಕಿದ. ಮೆಟ್ಟಿಲ ಬಾಯಿಗೆ ಗುದ್ದಕ್ಕ ಅಡ್ಡ ನಿಂತಿದ್ದಳು, ಬ್ಯಾಂಡೇಜು ಬಿಚ್ಚಿಹಾಕಿ, ತೋಳು ಮಡಿಸಿಕೊಂಡು. ಅವಳ ಪಕ್ಕದಲ್ಲಿ ಸೈಕಲ್ ಅಂಗಡಿಯವನು ಸುತ್ತಿಗೆ ಹಿಡಿದುಕೊಂಡು ಬಂದು ನಿಂತ. ಯಾಕೆಂದು ಅವನಿಗೆ ಈಗಲೂ ಪೂರ್ತಿ ಗೊತ್ತಿರಲಿಲ್ಲ. ಹುಡುಗ ಇಬ್ಬರನ್ನೂ ನೋಡಿದ, ಸುತ್ತಿಗೆಯನ್ನು ನೋಡಿದ, ಅದಕ್ಕಿಂತ ಹೆಚ್ಚು ಹೊತ್ತು ಗುದ್ದಕ್ಕನ ಮೊಣಕೈಯನ್ನು ನೋಡಿದ. ಬಾಗಿಲು ಹಾಕದ ಬೀದಿ ಅದು. ಅಲ್ಲಿ ಅವನ ಶೂರತನ ನಡೆಯಲಿಲ್ಲ. ಸ್ಕೂಟರ್ ತಿರುಗಿಸಿಕೊಂಡು ಹೋದ.

ಸ್ಕೂಟರಿನ ಸದ್ದು ಮರೆಯಾಯಿತು. ಸೈಕಲ್ ಅಂಗಡಿಯವನು ಮತ್ತೆ ಕೂತು, ರಿಮ್ಮು ತೊಡೆಯ ಮೇಲಿಟ್ಟುಕೊಂಡು, "ಬಡೀಲಾ ಅಕ್ಕಾ?" ಎಂದ.

ಆಗ ಮೇಲಿನಿಂದ ಆ ಸಣ್ಣ ದನಿ ಕೇಳಿಸಿತು. ಮೊದಲು ನಡುಗುತ್ತಾ, ಆಮೇಲೆ ಗಟ್ಟಿಯಾಗಿ, ಹೆತ್ತ ಮಗನ ಹೆಸರು ಹಿಡಿದೇ ಬೈಯತೊಡಗಿತು. ಹಿಂದೆಯೇ ಮಗಳ ದನಿಯೂ ಸೇರಿಕೊಂಡಿತು.

"ಬೇಡ ಅಣ್ಣಾ" ಎಂದಳು ಗುದ್ದಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಇದನ್ನ ಇಡೀ ಬೀದಿ ಕೇಳಲಿ."